ಡಿನ್ನರ್ ಎಷ್ಟು ಗಂಟೆಗೆ?

ಓಲ್ಡಮ್
ಭಾನುವಾರ, ಅಕ್ಟೋಬರ್ 9, 2011

ಪ್ರೀತಿಯ ಲಿಂಡ್ಸಿ,

ಫೋನಿನಲ್ಲಿ ಟಾನ್ಯಾಳ ಹೆಸರು ಎತ್ತಿದ ಕೂಡಲೇ ನೀನು "ಅಮ್ಮಾ, ಯಾರೋ ಬಾಗಿಲು ಬಡೀತಿದಾರೆ" ಅನ್ನುತ್ತೀಯ. ಬ್ರೈಟನ್ನಿನ ನಿನ್ನ ಮನೆಯ ಬಾಗಿಲಷ್ಟು ಬಡಿಸಿಕೊಳ್ಳುವ ಬಾಗಿಲು ಇಡೀ ಇಂಗ್ಲೆಂಡಿನಲ್ಲಿ ಇನ್ನೊಂದಿರಲಾರದು. ಅದಕ್ಕೇ ಈ ಕಾಗದ. ಹರಿದು ಹಾಕಬೇಕೆನಿಸಿದರೆ ಹಾಕು. ನೀನು ಪೂರ್ತಿ ಓದಿಯೇ ಹರಿಯುವವಳು ಅನ್ನುವ ಧೈರ್ಯ ನನಗಿದೆ.

ವಿಷಯ ಇಷ್ಟು. ಕಡಲತೀರದ ಒಂದು ರಜಾ ಶಿಬಿರದವರು ಫೆಬ್ರವರಿಯಲ್ಲಿ ಹಳೆಯ ಪಾಪ್ ತಂಡಗಳನ್ನೆಲ್ಲ ಕರೆಸಿ ಹಾಡಿಸುತ್ತಾರಂತೆ. ನಿಮ್ಮ ಮೂವರ ‘ಸೆಕೆಂಡ್ಸ್’ ಬರುತ್ತದೆಯೇ ಎಂದು ನನ್ನನ್ನು ಕೇಳಿದರು. ತಂಡ ಒಡೆದು ಹನ್ನೊಂದು ವರ್ಷವಾದರೂ ನಾನು ಇನ್ನೂ ಮ್ಯಾನೇಜರ್ ಅಂದುಕೊಂಡಿದ್ದಾರೆ, ಪಾಪ. ರುಬೀನಾ ಒಂದೇ ಮಾತಿಗೆ ಒಪ್ಪಿದಳು. "ಔಷಧಿ ಅಂಗಡೀಲಿ ನಿಂತೂ ನಿಂತೂ ಕಾಲಿಗೆ ಕುಣಿಯೋದೇ ಮರೆತುಹೋಗಿದೆ ಆಂಟಿ, ಬರ್ತೀನಿ" ಅಂದಳು. ಟಾನ್ಯಾ ಮಾತ್ರ, "ಮೊದಲು ಲಿಂಡ್ಸಿ ನನ್ನ ಜೊತೆ ಮಾತಾಡ್ಲಿ, ಹಾಡೋದು ಆಮೇಲೆ" ಅಂದಳು.

ಹಾಡು ಹಾಗಿರಲಿ. ಪಕ್ಕಪಕ್ಕದ ಮನೆಯಲ್ಲಿ ಹುಟ್ಟಿ ಒಂದೇ ತಳ್ಳುಗಾಡಿಯಲ್ಲಿ ಬೆಳೆದ ನೀವಿಬ್ಬರು ಮತ್ತೆ ಮಾತಾಡಬೇಕು, ನನಗೆ ಬೇಕಿರುವುದು ಅಷ್ಟೇ.

ಶನಿವಾರಗಳು ನೆನಪಿವೆಯೇ? ಮಾರ್ಕೆಟ್ಟಿನಲ್ಲಿ ನನ್ನ ಕಾಲುಚೀಲದ ಅಂಗಡಿಯ ಮುಂದೆ ನೀವು ಮೂವರು ಬ್ರಷ್ಷನ್ನೇ ಮೈಕ್ ಮಾಡಿಕೊಂಡು ಹಾಡುತ್ತಿದ್ದಿರಿ. ಜನ ನಿಲ್ಲುತ್ತಿದ್ದರು, ನಿಂತವರು ಕೊಳ್ಳುತ್ತಿದ್ದರು. ನಾನು ವ್ಯಾಪಾರ ನೋಡಿದೆನೇ ಹೊರತು ಕಲೆಯನ್ನಲ್ಲ ಎಂದು ನಿಮ್ಮಪ್ಪ ಹಂಗಿಸುತ್ತಿದ್ದರು. ನೋಡಲಿ ಬಿಡಲಿ, ಹೆಸರಿಟ್ಟವಳು ನಾನು. ಮಿಲ್ಲಿನಲ್ಲಿ ಹೊಲಿಗೆ ಓರೆಯಾಗಿ ಪಕ್ಕಕ್ಕೆ ಎಸೆದ ಸೆಕೆಂಡ್ಸ್ ಮಾಲು ಮಾರುತ್ತಿದ್ದೆ, ನಿಮಗೂ ಅದೇ ಹೆಸರು ಕಟ್ಟಿದೆ. ಲಂಡನ್ನಿನ ರೆಕಾರ್ಡ್ ಕಂಪನಿಯ ಪಿಯರ್ಸ್ ಬಂದು, ಹಾಡು ಕೇಳಿ, "ಆಹಾ, ಗಡಿಯಾರದ ಸೆಕೆಂಡು! ಯೌವನ ಓಡ್ತಿದೆ! ಎಂಥಾ ಕಲ್ಪನೆ!" ಅಂದ. ನಾವ್ಯಾರೂ ತಿದ್ದಲಿಲ್ಲ. ಮೊದಲ ಹಾಡಿನ ವಿಡಿಯೋದಲ್ಲಿ ನಿಮ್ಮ ಹಿಂದೆ ಅಷ್ಟೊಂದು ಗಡಿಯಾರ ತಿರುಗಿದ್ದು ಅದಕ್ಕೇ. ಓರೆ ಹೊಲಿಗೆಯ ಕಾಲುಚೀಲವನ್ನು ನೆನೆದು ನಿಮ್ಮಪ್ಪ ಸೋಫಾ ಮೇಲೆ ಬಿದ್ದು ಬಿದ್ದು ನಕ್ಕರು.

ಆಮೇಲಿನದು ಎಷ್ಟು ಬೇಗ ಆಯಿತೆಂದರೆ, ಇವತ್ತಿಗೂ ನನಗೆ ಅದನ್ನು ಸಾಲಾಗಿ ಜೋಡಿಸಲು ಬರುವುದಿಲ್ಲ. ಹಾಡು ಆ ವಾರದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಆರನೇ ಸ್ಥಾನಕ್ಕೆ ಏರಿತು. ಶಾಪಿಂಗ್ ಸೆಂಟರುಗಳಲ್ಲಿ ಹುಡುಗಿಯರು ಕಿರುಚಿದರು. ನೀನು ಟಿವಿಯಲ್ಲಿ ಬಂದ ದಿನ, ಮೂವತ್ತು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ ಮೀನಂಗಡಿಯವಳು ತಾನಾಗಿ ಬಂದು, "ನಿನ್ನ ಮಗಳ ಕೂದಲಿಗೆ ಅದೇನು ಹಚ್ಚಿದಾರೆ?" ಎಂದು ಕೇಳಿದಳು. ಅದಾದ ಮೇಲೆ ಪಿಯರ್ಸ್ ಟಾನ್ಯಾಳನ್ನು ಸ್ವರ ಪಾಠಕ್ಕೆ, ಸಂದರ್ಶನಕ್ಕೆ ಎಂದು ಲಂಡನ್ನಿನಲ್ಲೇ ಉಳಿಸಿಕೊಂಡ. ಕಾರ್ಯಕ್ರಮ ಮುಗಿದರೆ ನೀನೂ ರುಬೀನಾಳೂ ಮನೆಗೆ, ಅವಳು ಅಲ್ಲಿಗೆ. ಫೋಟೋದಲ್ಲಿ ಅವಳು ಪ್ರತಿ ಸಲ ಒಂದು ಹೆಜ್ಜೆ ಮುಂದೆ, ನೀವಿಬ್ಬರು ಒಂದು ಹೆಜ್ಜೆ ಹಿಂದೆ. ಒಬ್ಬಳೇ ಹಾಡುವ ಕರಾರೂ ಸಿದ್ಧವಾಯಿತು. ಸೋಮವಾರ ಸಹಿ ಎಂದು ಪೇಪರಿನಲ್ಲೇ ಬಂತು.

ಅದಕ್ಕೆ ಎರಡು ದಿನ ಮೊದಲು ಅವಳು ಫೋನ್ ಮಾಡಿದಳು. ಎತ್ತಿದವಳು ನಾನು. "ಆಂಟಿ ಗ್ಲೆನಿಸ್, ಭಾನುವಾರ ಡಿನ್ನರ್‌ಗೆ ಬರ್ತೀನಿ. ಮೂವರೂ ಕೂತು ಮಾತಾಡ್ತೀವಿ. ಆಮೇಲೇ ನಾನು ಸಹಿ ಹಾಕೋದು ಬಿಡೋದು." ಎಷ್ಟು ಗಂಟೆಗೆ ಎಂದು ನಾನು ಕೇಳಲಿಲ್ಲ. ಭಾನುವಾರದ ಡಿನ್ನರ್ ಎಷ್ಟು ಗಂಟೆಗೆ ಎಂದು ಓಲ್ಡಮ್ಮಿನಲ್ಲಿ ಯಾರು ಕೇಳುತ್ತಾರೆ? ಡಿನ್ನರ್ ಮಧ್ಯಾಹ್ನದ್ದು, ಟೀ ಸಂಜೆಯ ಊಟ. ನನ್ನಮ್ಮನ ಕಾಲದಿಂದ ಹಾಗೇ.

ರುಬೀನಾಗೆಂದು ಹಲಾಲ್ ಕೋಳಿ ತಂದು ಹುರಿದಿದ್ದೆ. ಒಂದು ಗಂಟೆಗೆ ಯಾರ್ಕ್‌ಶೈರ್ ಪುಡಿಂಗ್ ಉಬ್ಬಿ ನಿಂತಿತ್ತು, ಎರಡಕ್ಕೆ ಕುಸಿದಿತ್ತು. ಮೂರಕ್ಕೆ ಗ್ರೇವಿಯ ಮೇಲೆ ಕೆನೆ ಕಟ್ಟಿತು. ನೀನು ಎಷ್ಟು ಸಲ ಮಾಡಿದರೂ ಅವಳ ಫೋನ್ ಆಫ್. "ಅವಳು ಬರಲ್ಲ ಅಮ್ಮಾ. ಫೋಟೋ ತೆಗೆಯೋರು ಬರ್ತಾರೆ ಅಂದಿದ್ರೆ ಬಂದಿರೋಳು" ಎಂದು ನೀನು ಕೋಟು ಹಾಕಿಕೊಂಡು ರುಬೀನಾಳ ಕಾರು ಹತ್ತಿ ಮ್ಯಾಂಚೆಸ್ಟರಿಗೆ ಹೊರಟುಹೋದೆ.

ಸಂಜೆ ಏಳಕ್ಕೆ ಹತ್ತು ನಿಮಿಷ ಇರುವಾಗ ಬಾಗಿಲು ಬಡಿಯಿತು. ಒಂದು ಕೈಯಲ್ಲಿ ವೈನ್ ಬಾಟಲಿ, ಇನ್ನೊಂದರಲ್ಲಿ ಪೆಟ್ರೋಲ್ ಬಂಕಿನಲ್ಲಿ ಕೊಂಡ ಹೂವು ಹಿಡಿದು ಟಾನ್ಯಾ ನಿಂತಿದ್ದಳು.

"ಬೇಗ ಬಂದ್ನಾ ಆಂಟಿ?"

"ಬೇಗಾನಾ? ಡಿನ್ನರ್ ಮುಗಿದು ಪಾತ್ರೆ ಒರೆಸಿ ಇಟ್ಟಾಯ್ತಲ್ಲೇ!"

ಮೊದಲು ನಕ್ಕಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಫೋನಿನ ಬ್ಯಾಟರಿ ಮುಗಿದಿತ್ತಂತೆ. ತಣ್ಣನೆ ಕೋಳಿ ಕೊಟ್ಟೆ, ಮೂಳೆ ಮಾತ್ರ ಬಿಟ್ಟು ತಿಂದಳು. ಕೊನೆಯ ರೈಲಿನ ತನಕ ಕಾದಳು. ನೀನು ಬರಲಿಲ್ಲ. ಸೋಮವಾರ ಸಹಿ ಹಾಕಿದಳು.

ಇದನ್ನೆಲ್ಲ ನಾನು ಆಗಲೇ ಹೇಳಿದಾಗ ನೀನು ಕೇಳಿದ್ದು ಒಂದೇ ಪ್ರಶ್ನೆ. "ಅವಳಮ್ಮ ಸ್ಕೂಲಲ್ಲಿ ಡಿನ್ನರ್ ಲೇಡಿ. ನಮಗೆಲ್ಲ ಮಧ್ಯಾಹ್ನ ಹನ್ನೆರಡಕ್ಕೆ ಬಡಿಸ್ತಿದ್ದವಳು. ಅವಳ ಮಗಳಿಗೆ ಡಿನ್ನರ್ ಯಾವಾಗ ಅಂತ ಗೊತ್ತಿಲ್ವಾ?"

ನಿಜ, ಗೊತ್ತಿರಬೇಕು. ಆದರೆ ಬೇಕೆಂದೇ ತಡ ಮಾಡುವವಳು ವೈನ್ ಯಾಕೆ ತರುತ್ತಾಳೆ? ನಮ್ಮ ಬೀದಿಯಲ್ಲಿ ಭಾನುವಾರದ ಕೋಳಿಗೆ ವೈನ್ ತಂದವರು ಯಾರಿದ್ದಾರೆ? ಅದು ಪಕ್ಕಾ ಲಂಡನ್ನಿನ ರಾತ್ರಿಯೂಟದ ಸಂಪ್ರದಾಯ. ಇಲ್ಲ, ವೈನೂ ನಾಟಕದ ಸಾಮಾನೇ ಅನ್ನುತ್ತೀಯ. ಹಾಗೂ ಇರಬಹುದು. ಈಗ ಕೇಳಿದರೆ, "ಕರಾರು ಬೇಡ ಅಂತ ಹೇಳೋಕೇ ಬಂದಿದ್ದೆ ಆಂಟಿ" ಅನ್ನುತ್ತಾಳೆ. ಅವತ್ತು ಯಾಕೆ ಹೇಳಲಿಲ್ಲ? "ಅವಳಿಗೆ ಹೇಳ್ಬೇಕಿತ್ತು, ನಿಮಗಲ್ಲ" ಅನ್ನುತ್ತಾಳೆ. ಒಂದು ದಿನ ನಂಬುತ್ತೇನೆ, ಮಾರನೇ ದಿನ ನಂಬುವುದಿಲ್ಲ. ಕಾಲುಚೀಲದ ಹೊಲಿಗೆ ಬಿಟ್ಟಿದ್ದರೆ ಕಣ್ಣು ಮುಚ್ಚಿ ಬೆರಳಾಡಿಸಿ ಹೇಳಿಬಿಡುವವಳು ನಾನು, ಇದರಲ್ಲಿ ಮಾತ್ರ ಬೆರಳಿಗೆ ಏನೂ ಸಿಗುತ್ತಿಲ್ಲ. ರುಬೀನಾಳನ್ನು ಕೇಳಿದರೆ, "ನಮ್ಮನೇಲಿ ಡಿನ್ನರೂ ಇಲ್ಲ, ಟೀನೂ ಇಲ್ಲ. ಅಮ್ಮ ಕೂಗಿದ್ಲು ಅಂದ್ರೆ ಊಟ. ಇವರಿಬ್ಬರೂ ನಮ್ಮನೇಲಿ ಹುಟ್ಟಿದ್ರೆ ಇನ್ನೂ ಹಾಡ್ತಿದ್ವಿ" ಅನ್ನುತ್ತಾಳೆ.

ಒಂಟಿಯಾಗಿ ಟಾನ್ಯಾ ಹಾಡಿದ ಹಾಡುಗಳು ಏನಾದವು ಎಂದು ನಿನಗೇ ಗೊತ್ತು. ಅದನ್ನು ಕೇಳಿ ನೀನು ನಗಲಿಲ್ಲ, ಅದನ್ನೂ ನಾನು ಗಮನಿಸಿದ್ದೇನೆ. ಈಗ ಅವಳು ಪಕ್ಕದ ಮನೆಗೇ ವಾಪಸಾಗಿದ್ದಾಳೆ. ಚರ್ಚಿನ ಹಾಲಿನಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ. ಮೊನ್ನೆ ಹನ್ನೆರಡೂವರೆಗೆ ಹಿತ್ತಲ ಬಾಗಿಲಲ್ಲಿ ತಲೆ ತೂರಿಸಿ, "ಡಿನ್ನರ್‌ಗೆ ಏನಿದೆ ಆಂಟಿ?" ಅಂದಳು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವಳಿಗೆ ತಾನೇನು ಅಂದೆ ಎಂಬ ಪರಿವೆಯೇ ಇರಲಿಲ್ಲ, ಆಲೂಗಡ್ಡೆ ಸುಲಿಯುತ್ತ ಕೂತಳು. ಆ ಮಾತು ಒಮ್ಮೆ ಲಂಡನ್ನಿಗೆ ಹೋಗಿ ಈಗ ಊರಿಗೆ ಮರಳಿತೋ, ಊರು ಬಿಟ್ಟು ಹೋಗಿಯೇ ಇರಲಿಲ್ಲವೋ, ನೀನೇ ಹೇಳು.

ಮುಂದಿನ ಭಾನುವಾರ ಇಲ್ಲಿಗೆ ಬಾ. ಅವಳನ್ನೂ ಕರೆದಿದ್ದೇನೆ. ಗಡಿಯಾರದಲ್ಲಿ ಒಂದು ಗಂಟೆ, ಮಧ್ಯಾಹ್ನ, ಬೆಳಕಿರುವಾಗ. ಊಟದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಕೋಳಿ ಹಲಾಲ್ ಅಂಗಡಿಯದೇ, ರುಬೀನಾ ಬರುತ್ತಾಳೆ. ಬಂದು ಜಗಳವಾದರೂ ಆಡು. ಹನ್ನೊಂದು ವರ್ಷದಿಂದ ಜಗಳವನ್ನೂ ಆಡದೆ ಕೂತಿದ್ದೀರಿ.

ಏನೂ ತಿಳಿಯದ,
ನಿನ್ನ ಅಮ್ಮ
ಗ್ಲೆನಿಸ್

ಮರೆತಿದ್ದೆ: ಹೋದ ಮಂಗಳವಾರ ನಾನು ಫೋನ್ ಮಾಡಿದಾಗ ನೀನು ಬಾಗಿಲು ಬಡಿಯುತ್ತಿದ್ದಾರೆ ಅನ್ನಲಿಲ್ಲ. "ಈಗಾಗಲ್ಲ ಅಮ್ಮಾ, ಡಿನ್ನರ್ ಒಲೆ ಮೇಲಿದೆ" ಅಂದೆ. ಬೀದಿದೀಪ ಹತ್ತಿ ಆಗಲೇ ಸುಮಾರು ಹೊತ್ತಾಗಿತ್ತು, ಲಿಂಡ್ಸಿ.