ತೊಳೆಯದ ಬಂಡೆ

೨೧ ನವೆಂಬರ್, ಗುರುವಾರ. ರಾಮಕೃಷ್ಣನಗರ.

ಇನ್ನೂ ಮೈಯೆಲ್ಲ ಉರಿಯುತ್ತಿದೆ. ಇವತ್ತು ನಮ್ಮ ಭೂವಿಜ್ಞಾನ ತರಗತಿಯವರೆಲ್ಲ ಶ್ರೀರಂಗಪಟ್ಟಣದ ಕಡೆಯ ಹಳೆಯ ಕಲ್ಲುಕ್ವಾರಿಗೆ ಹೋಗಿದ್ದೆವು. ಒಂದೇ ಬಂಡೆಯಲ್ಲಿ ಕಪ್ಪು ಕಲ್ಲಿನದೊಂದು ಪಟ್ಟೆ, ಅದಕ್ಕೆ ಅಡ್ಡಲಾಗಿ ಗುಲಾಬಿ ಕಲ್ಲಿನದೊಂದು. ಯಾವುದು ಇನ್ನೊಂದನ್ನು ಕತ್ತರಿಸಿಕೊಂಡು ಹೋಗಿದೆಯೋ ಅದೇ ಕಿರಿಯದು, ಅಂದರೆ ಆಮೇಲೆ ಹುಟ್ಟಿದ್ದು. ಮಹದೇವಸ್ವಾಮಿ ಸರ್ ನಿಂತಲ್ಲಿಂದಲೇ, "ಕಪ್ಪೇ ಕಿರಿಯದು, ಬರ್ಕೊಳ್ಳಿ" ಅಂದರು. ಬಂಡೆಯ ತುಂಬ ಕ್ರಷರ್ ಧೂಳು. ಕಲ್ಲನ್ನು ತೊಳೆಯದೆ ತೀರ್ಮಾನಿಸಬಾರದೆಂದು ಕಲಿಸಿದವರೂ ಅವರೇ. ನಾನು ಕುಡಿಯುವ ನೀರನ್ನೆಲ್ಲ ಸುರಿದು ಉಜ್ಜಿದೆ. ಗುಲಾಬಿ ಪಟ್ಟೆಯೇ ಕಪ್ಪನ್ನು ಸೀಳಿಕೊಂಡು ಆಚೆಗೆ ಹೋಗಿತ್ತು.

"ಸರ್, ಇಲ್ನೋಡಿ, ಗುಲಾಬಿನೇ ಕಿರಿಯದು."

ಅವರು ಬಗ್ಗಲೂ ಇಲ್ಲ. "ಇಪ್ಪತ್ತು ವರ್ಷದಿಂದ ಕಲ್ಲು ನೋಡ್ತಿದೀನಿ ಕಣಮ್ಮ. ಹೇಳಿದ್ದು ಬರ್ಕೊ, ಬಸ್ ಕಾಯ್ತಿದೆ."

ಎಲ್ಲರೂ ಬರೆದುಕೊಂಡರು. ನಾನೂ ಬರೆದೆ. ಸಿಟ್ಟು ಇಳಿಯದಿರುವುದು ಅದಕ್ಕೇ. ಒದ್ದೆ ಬಂಡೆ ಕಣ್ಣೆದುರಿಗೇ ಇತ್ತು, ಆದರೂ ಹೇಡಿಯ ಹಾಗೆ ಬರೆದೆ.

ಫೀಲ್ಡ್ ಪುಸ್ತಕದಲ್ಲಿ ಅಳಿಸುವಂತಿಲ್ಲ. ತಪ್ಪಾದರೆ ಅದು ಓದಲು ಸಿಗುವಂತೆ ಮೇಲೊಂದು ಗೆರೆ ಎಳೆಯಬೇಕು. ಈಗಷ್ಟೇ ಅವರ ಮಾತನ್ನು ಕತ್ತರಿಸಿಕೊಂಡು ಹೋಗುವಂತೆ ಎಳೆದೆ, ಹಾಳೆ ಹರಿಯುವಷ್ಟು ಒತ್ತಿ. ನಾಳೆ ಪುಸ್ತಕ ಅವರ ಟೇಬಲ್ ಮೇಲಿರುತ್ತದೆ. ಯಾವುದು ಮೊದಲು, ಯಾವುದು ಆಮೇಲಿನದು ಎಂದು ಇಪ್ಪತ್ತು ವರ್ಷ ಕಲ್ಲು ನೋಡಿದವರಿಗೆ ನಾನು ಹೇಳಿಕೊಡಬೇಕಾಗಿಲ್ಲ.