ಉಂಡೆ ಇದ್ದಿಲಿನ ಕಿಟ್ಟ

ಜೂನ್ 3, ಸೋಮವಾರ

ಏಪ್ರಿಲ್ 14ರಂದು ನಮ್ಮ ಮಾದರಿ ರೈಲು ಸಂಘದ ನಡಾವಳಿ ಪುಸ್ತಕದಲ್ಲಿ ನನ್ನ ಮೇಲೆ ಸುಳ್ಳು ಬರೆದರು: ‘ಚಾಲಕರ ಅಜಾಗರೂಕತೆಯಿಂದ ಬೆಂಕಿ ಆರಿತು.’ ಉದ್ಯಾನದ ಪುಟ್ಟ ಹಳಿಯ ಏರಿನಲ್ಲಿ, ಹನ್ನೊಂದು ಮಕ್ಕಳನ್ನು ಎಳೆಯುತ್ತಿದ್ದ ನನ್ನ ಮಾದರಿ ಉಗಿಬಂಡಿ ನಿಂತದ್ದು ನಿಜ. ನಿಲ್ಲಿಸಿದ್ದು ನಾನಲ್ಲ, ಅಗ್ಗವೆಂದು ಸಂಘ ತರಿಸಿದ, ಪುಡಿ ಒತ್ತಿ ಕಟ್ಟಿದ ಉಂಡೆ ಇದ್ದಿಲು. ಅಂದಿನಿಂದ ಸರದಿಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಏಳು ಭಾನುವಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇವತ್ತಿನಿಂದ ಒಂದೊಂದೇ ಇದ್ದಿಲಿನ ಪರೀಕ್ಷೆ. ಎಂಜಿನ್ ಹಿತ್ತಿಲ ಕಟ್ಟೆಯ ಮೇಲೆ, ಚಕ್ರ ಗಾಳಿಯಲ್ಲಿ. ಮೊದಲು ಮರದ ಇದ್ದಿಲು. ಹೊತ್ತಿಕೊಳ್ಳುವುದರಲ್ಲಿ ಶೂರ. ಅರ್ಧಕ್ಕರ್ಧ ಕಿಡಿಯಾಗಿ ಚಿಮಣಿಯಿಂದಲೇ ಹಾರಿಹೋಯಿತು.

ನಡುವೆ ಅಕ್ಕನ ಫೋನ್. “ಏನ್ ಮಾಡ್ತಿದ್ದೀಯೋ?”

“ಎಂಜಿನ್‌ಗೆ ಇದ್ದಿಲು ಹಾಕ್ತಿದ್ದೀನಿ.”

“ಅಡುಗೆಗೆ ಗ್ಯಾಸ್ ಹಚ್ಚೋಕೆ ಸೋಮಾರಿತನ, ರೈಲಿಗೆ ಮಾತ್ರ ಹೊತ್ತು ಹೊತ್ತಿಗೆ ತುತ್ತು. ನಿಂದು ಊಟ ಆಯ್ತಾ?”

ಹೂಂ ಅಂದೆ. ಆಗಿರಲಿಲ್ಲ.

ಜೂನ್ 5

ಗಟ್ಟಿ ಕಲ್ಲಿದ್ದಲು. ಹುಣಸೆಬೀಜಕ್ಕಿಂತ ದೊಡ್ಡದು, ನೆಲ್ಲಿಕಾಯಿಗಿಂತ ಚಿಕ್ಕದು — ಜರಡಿ ಹಿಡಿದೆ. ಹೊತ್ತಲು ಬಲು ಹಟ. ತಳಕ್ಕೆ ಮರದ ಇದ್ದಿಲಿನ ಕೆಂಡ ಬೇಕೇ ಬೇಕು. ಒಮ್ಮೆ ಹಿಡಿದರೆ ಹೊಗೆಯಿಲ್ಲ, ರಂಪವಿಲ್ಲ. ಒತ್ತಡದ ಮುಳ್ಳು ನಲವತ್ತು ನಿಮಿಷ ಕದಲಲಿಲ್ಲ. “ನೋಡಿದ್ರಾ?” ಅಂದೆ. ಹಿತ್ತಿಲಲ್ಲಿ ಯಾರೂ ಇರಲಿಲ್ಲ.

ಜೂನ್ 6

ಉಂಡೆ ಇದ್ದಿಲು. ಇಪ್ಪತ್ತು ನಿಮಿಷ ಸುಭಗ. ಆಮೇಲೆ ಮುಳ್ಳು ಇಳಿಯತೊಡಗಿತು. ಒಲೆಯ ಬಾಗಿಲು ತೆಗೆದೆ... ಬೂದಿ ಕರಗಿ, ಜಾಲರಿ ತುಂಬ ಗಾಜಿನಂಥ ಕಿಟ್ಟ. ಗಾಳಿಗೆ ದಾರಿಯೇ ಇಲ್ಲ. ಆರದೆ ಇನ್ನೇನು?

ಕಿಟ್ಟದ ಒಂದು ತುಂಡು ಕಟ್ಟಿ, ಪತ್ರದೊಡನೆ ಕಾರ್ಯದರ್ಶಿಗೆ ಕಳಿಸಿದೆ.

ಜೂನ್ 20

ಉತ್ತರವಿಲ್ಲ. ಕಟ್ಟೆ ಒರೆಸಿದೆ. ನಿನ್ನೆಯೂ ಒರೆಸಿದ್ದೆ.

ಜೂನ್ 22, ಸಂಜೆ

ಕಾರ್ಯದರ್ಶಿ ತಾವೇ ಬಂದರು.

“ನೀವು ಹೇಳಿದ್ದೇ ಸರಿ ಕಣ್ರೀ. ಹೋದ ವಾರ ನನ್ನ ಎಂಜಿನ್‌ನಲ್ಲೂ ಹಂಗೇ ಕಿಟ್ಟ ಕಟ್ಕೊಳ್ತು. ಉಂಡೆ ಎಲ್ಲಾ ಆಚೆ ಹಾಕಿಸ್ತೀನಿ. ನಾಳೆ ಬನ್ನಿ, ಮೊದಲ ಸರದಿ ನಿಮ್ದೇ.”

“ಪುಸ್ತಕದಲ್ಲಿ ಬರೆದದ್ದು?”

“ಅದನ್ನ ಯಾರು ಓದ್ತಾರೆ, ಬಿಡಿ.”

“ನಾನು ಓದ್ತೀನಿ.”

“ನಿಮ್ಮ ಜ್ಞಾಪಕಕ್ಕೊಂದು ಬೀಗ ಹಾಕಿಸ್ಬೇಕು ನೋಡಿ,” ಎಂದು ನಕ್ಕರು. ನಾನೂ ನಕ್ಕುಬಿಟ್ಟೆ. ಈ ಮನೆಯಲ್ಲಿ ಇನ್ನೊಬ್ಬರ ನಗು ಕೇಳಿ ಎಷ್ಟು ದಿನವಾಗಿತ್ತೋ. ಇನ್ನಷ್ಟು ಹೊತ್ತು ಕೂರಲಿ ಎಂದು ಎರಡನೆಯ ಲೋಟ ಚಹಾ ಕೊಟ್ಟೆ.

ಹತ್ತೊಂಬತ್ತು ವರ್ಷದ ಹಿಂದೆ, ಮೊದಲ ಹಳಿ ಹಾಕಿದ ದಿನ, ಇದೇ ಮನುಷ್ಯ ಹಸಿ ಸೌದೆ ತಂದು ಎಲ್ಲರ ಕಣ್ಣಿಗೆ ಹೊಗೆ ಹಾಕಿದ್ದರು. ಅದನ್ನು ಯಾವ ಪುಸ್ತಕದಲ್ಲೂ ಬರೆಯಲಿಲ್ಲ.

ಜೂನ್ 23, ಬೆಳಿಗ್ಗೆ 7

ಹಲಗೆಯ ಮೇಲೆ ಜಾರಿಸಿ ಎಂಜಿನ್ ಕಾರಿಗೆ ಹತ್ತಿಸಿದೆ. ಇಳಿಸಿದೆ. ಮತ್ತೆ ಹತ್ತಿಸಿದೆ. ಹೋಗಲು ಆಸೆಯಿದೆ, ಸುಳ್ಳೇಕೆ. ಆದರೆ ಬೆಂಕಿ ಹಚ್ಚುವ ಮೊದಲು ಎಲ್ಲರೆದುರು ಕೇಳುತ್ತೇನೆ, ಆ ಮಕ್ಕಳ ಅಪ್ಪ ಅಮ್ಮಂದಿರೆದುರೂ: ಏಪ್ರಿಲ್ 14ರ ಸಾಲನ್ನು ಗಟ್ಟಿಯಾಗಿ ಓದಿ. ಆಮೇಲೆ ಅಷ್ಟೇ ಗಟ್ಟಿಯಾಗಿ ಹೇಳಿ, ಬೆಂಕಿ ಆರಿಸಿದ್ದು ಯಾರು? ಉತ್ತರ ಬರುವವರೆಗೆ ನಾನು ಹಳಿಯ ಮೇಲೆ ಎಂಜಿನ್ ಇಡುವುದಿಲ್ಲ.