ಗಾಯದ ಹಸಿವು

ಜೂನ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರ. ನಾವಿಲ್ಲಿ ಕ್ಷೇಮ. ನೀನು, ಅತ್ತಿಗೆ, ಮಕ್ಕಳು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಮೂರು ಸಲ ಉತ್ತರ ಬರೆಯಲು ಕೂತೆ, ಮೂರು ಸಲವೂ "ಕ್ಷೇಮ" ಅನ್ನುವಲ್ಲಿಗೇ ಪೆನ್ನು ನಿಂತಿತು. ಕೈ ತುಂಬ ಕೆಲಸ ಅಂತ ನೆಪ ಹೇಳಬಹುದು, ಆದರೆ ನೀನು ನಂಬುವ ಆಸಾಮಿಯಲ್ಲ. ಬೈದುಕೊಂಡೇ ಓದು.

ಅಮ್ಮ ಹೇಗಿದ್ದಾಳೆ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದಕ್ಕೆ ತನಗೆ ಬೇಕಾದ್ದು ಮಾತ್ರ ಕೇಳುತ್ತದೆ. ನಿನ್ನ ಪತ್ರ ಬಂದ ದಿನ ಬಾಗಿಲಿಗೇ ಬಂದು, "ಏನು ಬರೆದಿದ್ದಾನೆ?" ಅಂದಳು. "ಎಲ್ಲರೂ ಚೆನ್ನಾಗಿದ್ದಾರಂತೆ." "ಬರ್ತಾನಂತಾ?" "ರಜೆ ಸಿಗಬೇಕಂತೆ" ಅಂದೆ. "ಅಮ್ಮನ ಮುಖ ನೋಡಿದರೆ ನನಗೆ ಆ ಗಂಜಿ ಬಟ್ಟಲೇ ಕಣ್ಣಿಗೆ ಕಟ್ಟುತ್ತದೆ, ನಾನು ಬರುವುದಿಲ್ಲ" ಅಂತ ನೀನು ಬರೆದದ್ದನ್ನು ಅವಳಿಗೆ ಹೇಗೆ ಓದಿ ಹೇಳಲಿ?

ಅದಿರಲಿ. ಮೊದಲು ನನ್ನ ವಾರ್ಡಿನ ಸುದ್ದಿ ಕೇಳು.

ಅತ್ತೆ ಏನು ಕೆಲಸ ಮಾಡುತ್ತಾಳೆ ಅಂತ ನಿನ್ನ ಚಿಕ್ಕ ಮಗಳು ಕೇಳಿದ್ದಕ್ಕೆ ನೀನು "ಆಸ್ಪತ್ರೇಲಿ ಊಟ ಹಾಕ್ತಾಳೆ" ಅಂದೆಯಂತೆ. ಪೂರ್ತಿ ಸುಳ್ಳಲ್ಲ. ಮೈ ಸುಟ್ಟುಕೊಂಡು ಬಂದ ಮಕ್ಕಳಲ್ಲಿ ಯಾರು ಏನು ತಿನ್ನಬೇಕು, ಎಷ್ಟು, ಯಾವಾಗ ಅಂತ ಗೊತ್ತು ಮಾಡುವವಳು ನಾನು. ಅಂಥ ಮಗು ಹಾಸಿಗೆಯಲ್ಲಿ ಅಲ್ಲಾಡದೆ ಮಲಗಿದ್ದರೂ ಒಳಗೆ ಒಲೆ ಉರಿಯುತ್ತಲೇ ಇರುತ್ತದೆ ಅಣ್ಣ. ಬೀದಿಯಲ್ಲಿ ಓಡಿ ಆಡುವ ಮಗುವಿಗಿಂತ ಹೆಚ್ಚು ಊಟ ಬೇಕು, ಕೆಲವರಿಗೆ ಒಂದೂವರೆ ಪಟ್ಟು. ಹೊರಗಿನಿಂದ ಸಿಗಲಿಲ್ಲವೋ, ಮೈ ತನ್ನ ಮಾಂಸವನ್ನೇ ಕರಗಿಸಿ ಉಣ್ಣತೊಡಗುತ್ತದೆ. ಅಷ್ಟಾದರೂ ಮಗು ಬಾಯಿ ತೆರೆಯುವುದಿಲ್ಲ. ಹಸಿವೆಲ್ಲ ಗಾಯಕ್ಕೆ, ನಾಲಿಗೆಗೆ ಏನೂ ಬೇಡ.

ಮಾರ್ಚ್ ಕೊನೆಗೆ ಒಬ್ಬಳು ಬಂದಳು. ಎಂಟು ವರ್ಷ. ಸ್ನಾನಕ್ಕೆ ಇಟ್ಟಿದ್ದ ಕುದಿನೀರನ್ನು ಮೈಮೇಲೆ ಮಗುಚಿಕೊಂಡಿದ್ದಳು. ಎದೆ, ಹೊಟ್ಟೆ, ಎರಡೂ ತೋಳು. ಮೊದಲ ಎರಡು ವಾರ ಮೂಗಿಗೆ ಹಾಕಿದ ಕೊಳವೆಯಲ್ಲೇ ಊಟ. ಕೊಳವೆ ತೆಗೆದ ದಿನ ಬೇಯಿಸಿದ ಮೊಟ್ಟೆ ಹಿಡಿದು ಹತ್ತಿರ ಕೂತೆ.

"ಇದನ್ನ ತಿಂದ್ರೆ ಏನಾಗುತ್ತೆ?"

"ಹೊಸ ಚರ್ಮ ಬೆಳೆಯುತ್ತೆ."

"ಒಂದು ಮೊಟ್ಟೆಗೆ ಎಷ್ಟು ಚರ್ಮ? ಬರ್ಕೊಡಿ. ಆಮೇಲೆ ಯೋಚನೆ ಮಾಡ್ತೀನಿ."

ಅವತ್ತಿನಿಂದ ವಾರ್ಡಿನಲ್ಲಿ ಅವಳ ಹೆಸರು ವಕೀಲಮ್ಮ. ತುತ್ತು ತುತ್ತಿಗೂ ವಾದ. ಮನೆಯಲ್ಲಿ ತಾಯಿಗೆ ಕೈಗೂಸು ಇದ್ದದ್ದರಿಂದ ಹಗಲೆಲ್ಲ ಅಜ್ಜಿ ಜೊತೆಗಿರುತ್ತಿದ್ದರು. ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ನಾನು ಎದ್ದು ಹೋಗುವಾಗ ಅರ್ಧ ತಟ್ಟೆ ಉಳಿದಿರುತ್ತಿತ್ತು, ತಿರುಗಿ ಬಂದಾಗ ತೊಳೆದ ಹಾಗೆ ಖಾಲಿ. ಅಜ್ಜಿಯ ಕೈಗುಣ ಅಂತ ಎಲ್ಲರ ಮುಂದೆ ಹೊಗಳಿದೆ.

ತೂಕ ಮಾತ್ರ ಇಳಿಯುತ್ತಲೇ ಹೋಯಿತು. ಇಪ್ಪತ್ತಮೂರು ಕಿಲೋ ಇದ್ದವಳು ಹತ್ತೊಂಬತ್ತೂವರೆಗೆ ಬಂದಳು. ತೊಡೆಯಿಂದ ತೆಗೆದು ಎಡತೋಳಿಗೆ ಕೂರಿಸಿದ್ದ ಚರ್ಮ ಹಿಡಿಯಲೇ ಇಲ್ಲ, ಒದ್ದೆ ಕಾಗದದ ಹಾಗೆ ಎದ್ದು ಬಂತು. ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಮ್ಮ ನನ್ನನ್ನು ಕರೆದು, "ತಟ್ಟೆಯೂ ಖಾಲಿ, ಮಗುವೂ ಖಾಲಿ. ನೀವು ಹಾಕಿದ ಊಟ ಎಲ್ಲಿ ಹೋಗ್ತಿದೆ? ತೂಕ ಏರೋವರೆಗೆ ಇನ್ನೊಂದು ಸಲ ನಾನು ಕತ್ತಿ ಹಿಡಿಯಲ್ಲ" ಅಂದರು. ಗಾಯದ ಪಟ್ಟಿ ಬದಲಾಯಿಸುವ ದಿನ ಅರಿವಳಿಕೆ ಕೊಡಬೇಕು, ಅದಕ್ಕೆ ಮಕ್ಕಳನ್ನು ಹಸಿದ ಹೊಟ್ಟೆಯಲ್ಲಿ ಕಾಯಿಸುತ್ತಾರೆ. ಅದೇ ಕಾರಣ ಇರಬೇಕು ಅಂತ ಅರಿವಳಿಕೆ ಕೊಡುವ ಡಾಕ್ಟರ ಜೊತೆ ಜಗಳವಾಡಿ ವಕೀಲಮ್ಮನನ್ನು ಸಾಲಿನಲ್ಲಿ ಮೊದಲಿಗೆ ಹಾಕಿಸಿದೆ. ಅವರು ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತೂಕ ಮತ್ತೂ ಇಳಿಯಿತು.

ಒಂದು ಮಧ್ಯಾಹ್ನ ಪಾತ್ರೆ ತೊಳೆಯುವ ಜಾಗಕ್ಕೆ ಹೋದರೆ ಅಲ್ಲಿ ಅಜ್ಜಿ. ಕೈಚೀಲ ಬಾಯ್ತೆರೆದಿತ್ತು. ಒಳಗೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಮೊಟ್ಟೆ, ಒಂದು ಡಬ್ಬಿಯಲ್ಲಿ ಬೇಳೆ, ಮೊಸರು ಎಲ್ಲ ಕಲಸುಮೇಲೋಗರ.

ಅಣ್ಣ, ನಾನು ಕಿರುಚಿದೆ. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಹಾಗೆ ಕಿರುಚಿದ್ದಿಲ್ಲ. "ಮಗುವಿನ ಬಾಯಿಂದ ಕದ್ದು ಮನೆಗೆ ಒಯ್ತೀರಾ?" ಅಂದುಬಿಟ್ಟೆ. ಇಡೀ ವಾರ್ಡು ತಿರುಗಿ ನೋಡಿತು.

ಅವರು ದನಿ ಏರಿಸಲಿಲ್ಲ. "ನನಗೆ ಇದರ ಆಸೆ ಇಲ್ಲ ತಾಯಿ, ಚೆಲ್ಲೋಕೆ ಒಯ್ತಿದೀನಿ. ಮೊಟ್ಟೆ, ಬೇಳೆ ಕೊಟ್ರೆ ಗಾಯ ಕೀವು ಕಟ್ಟುತ್ತೆ. ನಾನೂ ಆರು ಮಕ್ಕಳನ್ನ ಸಾಕಿದವಳು. ನೀವು ಓದಿದವರು, ಎದುರಾಡಿದ್ರೆ ಆಚೆ ಕಳಿಸ್ತೀರಿ. ಅದಕ್ಕೆ ಬಾಯಿ ಮುಚ್ಕೊಂಡು ಗಂಜಿ ತಿಳಿ ಕುಡಿಸ್ತಿದ್ದೆ."

ಎಲ್ಲದಕ್ಕೂ ವಾದ ಹೂಡುವ ವಕೀಲಮ್ಮ ಇದೊಂದನ್ನು ಯಾರಿಗೂ ಹೇಳಿರಲಿಲ್ಲ. ಊಟ ತಪ್ಪಿದರೆ ಅವಳಿಗೂ ಆರಾಮವೇ ಅಲ್ಲವೇ.

ನನಗೆ ಆ ರಾತ್ರಿ ಅನ್ನ ಇಳಿಯಲಿಲ್ಲ. ಬೈದದ್ದಕ್ಕೆ ನಾಚಿಕೆ, ಜೊತೆಗೆ ಇನ್ನೊಂದು. ನಮ್ಮ ತಂಗಿ ಪುಟ್ಟಿ ಮೈ ಸುಟ್ಟುಕೊಂಡಾಗ ಮನೆಯಲ್ಲಿ ನಡೆದದ್ದೂ ಇದೇ ಪಥ್ಯ. ನೀನು ಹಾಸ್ಟೆಲಿನಿಂದ ಬರುವಷ್ಟರಲ್ಲಿ ಅವಳು ಇರಲಿಲ್ಲ. ಐದು ವರ್ಷದ ಮಗುವಿಗೆ ಅಮ್ಮ ಬರೀ ಗಂಜಿ ತಿಳಿ ಕೊಟ್ಟು ಉಪವಾಸ ಕೊಂದಳು ಅಂತ ಆವತ್ತು ನೀನು ಅಂದದ್ದು, ಅಮ್ಮ ಒಂದೂ ಮಾತಾಡದೆ ಒಳಗೆ ಹೋದದ್ದು ನನಗೆ ನೆನಪಿದೆ.

ಮಾರನೆಯ ದಿನ ಅಜ್ಜಿಯ ಪಕ್ಕ ಬೆಂಚಿನ ಮೇಲೆ ಕೂತೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ ಹಿರಿಯ ಸಿಸ್ಟರ್ ಒಪ್ಪಿಗೆ ಪಡೆದು, ಪಟ್ಟಿ ಬಿಚ್ಚಿದಾಗ ಮೊಮ್ಮಗಳ ತೋಳು ತೋರಿಸಿದೆ. "ಗೋಡೆ ಬಿದ್ದಿದೆ ಅಜ್ಜಿ. ಕಟ್ಟೋ ಕೆಲಸದವರು ಒಳಗೇ ಇದ್ದಾರೆ. ಇಟ್ಟಿಗೆ ನಾವು ಹೊರಗಿಂದ ಕೊಡಬೇಕು. ಕೀವು ಕಟ್ಟೋದು ಊಟದಿಂದ ಅಲ್ಲ, ಸೋಂಕಿಂದ. ಉಪವಾಸ ಇದ್ದ ಮೈಗೆ ಅದನ್ನ ತಡೆಯೋ ಶಕ್ತಿ ಇರಲ್ಲ."

ಅವರು ಬಗ್ಗಿ ತೋಳು ನೋಡಿದರು. "ಹಾಗಾದ್ರೆ ಈ ಚರ್ಮ ಹಿಡೀದೆ ಹೋಗಿದ್ದು ನನ್ನಿಂದಾನಾ?"

"ಅದಕ್ಕೆ ನೂರೆಂಟು ಕಾರಣ ಇರುತ್ತೆ ಅಜ್ಜಿ."

"ಸಮಾಧಾನ ಬೇಡ ತಾಯಿ. ಹೌದೋ, ಅಲ್ಲವೋ?"

"ಸ್ವಲ್ಪ ಮಟ್ಟಿಗೆ ಹೌದು" ಅಂದೆ. ಹೇಳಬಾರದಿತ್ತೋ ಏನೋ, ಇವತ್ತಿಗೂ ಗೊತ್ತಿಲ್ಲ.

ಸೆರಗಿನಿಂದ ಮುಖ ಒರೆಸಿಕೊಂಡರು. ನೇರ ಮೊಮ್ಮಗಳ ಹಾಸಿಗೆಗೆ ಹೋದರು. ಅವಳಿಗೆ ಎಚ್ಚರವಾಗುವವರೆಗೆ ನಿಂತೇ ಇದ್ದರು. "ನಿನ್ನ ಊಟ ತೆಗೆದಿಟ್ಟಿದ್ದು ನಾನು. ನಿನ್ನ ಕೈ ವಾಸಿಯಾಗದೇ ಇದ್ದದ್ದಕ್ಕೆ ನಾನೂ ಕಾರಣ. ತಪ್ಪಾಯ್ತು ಮಗಳೇ" ಅಂದರು. ಎಂಟು ವರ್ಷದವಳ ಮುಂದೆ, ನಾಲ್ಕು ಜನ ಕೇಳುವ ಹಾಗೆ.

ವಕೀಲಮ್ಮ ಮತ್ತಿನಲ್ಲೇ ಯೋಚನೆ ಮಾಡಿದಳು. "ಶಿಕ್ಷೆ ಆಗ್ಬೇಕು" ಅಂದಳು. "ನಾನು ಒಂದು ತುತ್ತು ತಿಂದ್ರೆ ನೀನೂ ಒಂದು ತಿನ್ನಬೇಕು. ನನಗೆ ವಾಕರಿಕೆ ಬಂದ್ರೂ ನಾನು ತಿನ್ಬೇಕು ತಾನೇ? ನೀನೂ ತಿನ್ನು."

ಹಾಗೆ ಶುರುವಾಯಿತು ನೋಡು. ಒಬ್ಬರಿಗೆ ಬರೆದ ಊಟ ಇಬ್ಬರಿಗೆ ಬರೆಸಿಕೊಂಡೆ. ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ, ಮೊಟ್ಟೆ, ಬಾಳೆಹಣ್ಣು, ಕಡಲೆಕಾಯಿ ಪುಡಿ ಕಲಸಿದ ಗಟ್ಟಿ ಗಂಜಿ. ರಾತ್ರಿ ಮಲಗಿದ ಮೇಲೆ ಮತ್ತೆ ಕೊಳವೆಯಲ್ಲಿ ಒಂದಷ್ಟು. ಎಲ್ಲ ದಿನವೂ ಗೆಲ್ಲಲಿಲ್ಲ. ಎರಡು ಸಲ ಪೂರ್ತಿ ವಾಂತಿ ಮಾಡಿಕೊಂಡಳು, ಒಂದು ಸಲ ಬಟ್ಟಲನ್ನು ನನ್ನ ಮೇಲೇ ಎಸೆದಳು. ತೂಕ ನೋಡುವ ದಿನ ಅಜ್ಜಿಯೂ ಯಂತ್ರ ಹತ್ತಬೇಕು ಅಂತ ಅವಳ ಹಟ. ಒಂದು ವಾರ ಮೊಮ್ಮಗಳು ಇನ್ನೂರು ಗ್ರಾಂ, ಅಜ್ಜಿ ಒಂದು ಕಿಲೋ ಏರಿದರು. "ಇದು ಮೋಸ" ಅಂತ ವಕೀಲಮ್ಮ ರೇಗಿದಳು. ಮೊದಲ ಸಲ ಅಜ್ಜಿ ನಕ್ಕದ್ದು ಆಗಲೇ.

ಮೇ ಮೂರನೇ ವಾರಕ್ಕೆ ಇಪ್ಪತ್ತೊಂದೂವರೆ ಮುಟ್ಟಿದಳು. ಡಾಕ್ಟರಮ್ಮ ಮತ್ತೆ ಚರ್ಮ ಕೂರಿಸಿದರು. ಐದನೇ ದಿನ ಪಟ್ಟಿ ಬಿಚ್ಚಿದಾಗ ನಾನೂ ಹೋಗಿ ನಿಂತಿದ್ದೆ. ಹಿಡಿದಿತ್ತು ಅಣ್ಣ, ಎಳೆ ಗುಲಾಬಿ ಬಣ್ಣಕ್ಕೆ. ಮಂಗಳವಾರ ಮನೆಗೆ ಹೋಗುತ್ತಾಳೆ. ಮೊಣಕೈ ಇನ್ನೂ ನೆಟ್ಟಗಾಗುವುದಿಲ್ಲ, ಕಲೆ ಹೋಗುವುದೂ ಇಲ್ಲ, ಬೆಳೆದ ಹಾಗೆಲ್ಲ ಮತ್ತೆ ಕತ್ತಿಯ ಕೆಳಗೆ ಬರಬೇಕು. ಆದರೆ ನಿನ್ನೆ ತಾನಾಗಿಯೇ "ಹಸಿವು" ಅಂದಳು. ನಮ್ಮ ವಾರ್ಡಿನಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಇಲ್ಲ.

ಉದ್ದ ಬರೆದೆ. ಅತ್ತಿಗೆಗೆ ನಮಸ್ಕಾರ ತಿಳಿಸು, ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ ಅನ್ನು. ದೊಡ್ಡವನಿಗೆ ಪರೀಕ್ಷೆ ಚೆನ್ನಾಗಿ ಆಗಲಿ. ಚಿಕ್ಕವಳು ಉಂಡು ತಿಂದು ಗುಂಡಗಿರಲಿ, ಅತ್ತೆಯ ಹರಕೆ ಅವಳ ಬೆನ್ನಿಗಿರಲಿ.

ನಿನ್ನ ತಂಗಿ

ತಾ.ಕ. ಇದನ್ನು ಬರೆಯದೆ ಲಕೋಟೆ ಅಂಟಿಸಬಾರದು ಅಂತ ಕೂತಿದ್ದೇನೆ.

ಪುಟ್ಟಿಗೆ ಪಥ್ಯ ಹಾಕಿದ್ದು ನಾಟಿ ವೈದ್ಯ, ಅದನ್ನು ಕಾವಲು ಕಾದದ್ದು ನಮ್ಮ ಸೋದರತ್ತೆ. ಅಮ್ಮನಿಗೆ ಅದು ಒಪ್ಪಿಗೆ ಇರಲಿಲ್ಲ. ಬೆಳಿಗ್ಗೆ ಕಾರ್ಖಾನೆಗೆ ಹೋಗುವ ಮುಂಚೆ ಒಂದು ಲೋಟ ಗಟ್ಟಿ ಹಾಲು ಮುಚ್ಚಿಟ್ಟು, "ಮಧ್ಯಾಹ್ನ ಅತ್ತೆ ಮಲಗಿದಾಗ ಮಗೂಗೆ ಕುಡಿಸು, ಯಾರಿಗೂ ಹೇಳಬೇಡ" ಅನ್ನುತ್ತಿದ್ದಳು. ಹತ್ತೊಂಬತ್ತು ದಿನ. ಒಂದು ದಿನವೂ ನಾನು ಕುಡಿಸಲಿಲ್ಲ. ಪುಟ್ಟಿಯ ಕೋಣೆಗೆ ಹೋಗಲು ಹೆದರಿ ಬಾಗಿಲ ಹಿಂದೆ ಕೂತು ನಾನೇ ಕುಡಿದೆ. ಮೊದಲ ದಿನ ಭಯಕ್ಕೆ, ಎರಡನೇ ದಿನದಿಂದ ರುಚಿಗೆ. ಸಂಜೆ ಅಮ್ಮ "ಕುಡಿದಳಾ?" ಅನ್ನುತ್ತಿದ್ದಳು. "ಹೂಂ" ಅನ್ನುತ್ತಿದ್ದೆ.

ಆ ಹಾಲು ಸಿಕ್ಕಿದ್ದರೆ ಉಳಿಯುತ್ತಿದ್ದಳಾ? ಅಷ್ಟು ಸುಟ್ಟ ಮಗುವನ್ನು ದಿನಕ್ಕೊಂದು ಲೋಟ ಹಾಲು ಉಳಿಸುವುದಿಲ್ಲ ಅನ್ನುತ್ತದೆ ನನ್ನ ಓದು. ಈ ಉತ್ತರ ಕಲಿಯಲೆಂದೇ ನಾನು ಈ ಕೆಲಸಕ್ಕೆ ಬಂದದ್ದು. ಕಲಿತೆ. ಅದರಿಂದ ಏನೂ ಹಗುರಾಗಲಿಲ್ಲ.

ನಿನ್ನೆ ಅಮ್ಮನ ಮುಂದೆ ಕೂತು ಎಲ್ಲ ಹೇಳಿದೆ. ಅವಳು ಬಟ್ಟೆ ಮಡಿಸುತ್ತಲೇ ಇದ್ದಳು. "ಗೊತ್ತು" ಅಂದಳು. "ಕೊನೇ ದಿನ ನಿನ್ನ ಮೇಲ್ತುಟಿ ಮೇಲೆ ಹಾಲಿನ ಗೆರೆ ಇತ್ತು. ನಿನಗೆ ಒಂಬತ್ತು ವರ್ಷ. ಒಂದನ್ನ ಕಳ್ಕೊಂಡಿದ್ದೆ, ಇನ್ನೊಂದನ್ನೂ ಕಳ್ಕೊಳ್ಳೋದಾ?"

ನಲವತ್ತನಾಲ್ಕು ವರ್ಷ ನನ್ನ ಪಾಲಿಗೆ ಬರಬೇಕಿದ್ದ ನಿನ್ನ ಸಿಟ್ಟನ್ನು ಅವಳು ಉಂಡಿದ್ದಾಳೆ. ನನ್ನನ್ನು ಏನು ಬೇಕಾದರೂ ಅನ್ನು ಅಣ್ಣ, ಆದರೆ ಅವಳ ಹತ್ತಿರ ಬಾ.